ಓದದ ಫಲಕಗಳನ್ನೂ ಜಗತ್ತಿನ ಮುಂದಿಡಿ: ಕ್ಯೂನಿಫಾರ್ಮ್ ಸಂಗ್ರಹಗಳ ಪಾಲಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಇರಾಕ್, ಸಿರಿಯಾ, ಟರ್ಕಿ ಮತ್ತು ಇರಾನಿನ ನೆಲದಿಂದ ಕಳೆದ ಎರಡು ಶತಮಾನಗಳಲ್ಲಿ ಹೊರಬಂದ, ಜೇಡಿಮಣ್ಣಿನ ಮೇಲೆ ಬೆಣೆಯಾಕಾರದ ಗುರುತುಗಳಲ್ಲಿ ಬರೆದ ಕ್ಯೂನಿಫಾರ್ಮ್ ಲಿಪಿಯ ಫಲಕಗಳನ್ನು ಕಾಯುತ್ತಿರುವ ವಸ್ತುಸಂಗ್ರಹಾಲಯಗಳ ಆಡಳಿತ ಮಂಡಳಿಗಳಿಗೆ, ಅವುಗಳನ್ನು ಓದುತ್ತಿರುವ ವಿದ್ವಾಂಸರಿಗೆ, ಆ ಕೆಲಸಕ್ಕೆ ಹಣ ಒದಗಿಸುತ್ತಿರುವ ವಿಶ್ವವಿದ್ಯಾಲಯಗಳಿಗೆ ಮತ್ತು ಪ್ರತಿಷ್ಠಾನಗಳಿಗೆ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಫಲಕಗಳ ವಿಷಯ ಕೆಲವೇ ದೇಶಗಳ ಕೆಲವೇ ವಿಭಾಗಗಳ ಒಳಮಾತಾಗಿ ಉಳಿಯಬಾರದು, ಅದರ ಬಗ್ಗೆ ಕಾಳಜಿಯುಳ್ಳವರು ಎಲ್ಲ ಭಾಷೆಗಳಲ್ಲಿಯೂ ಇದ್ದಾರೆ ಎಂಬುದು ನನ್ನ ನಂಬಿಕೆ. ನಾನು ಈ ಲಿಪಿಯ ತಜ್ಞನಲ್ಲ. ಕನ್ನಡ ಶಾಸನಗಳ ಓದಿನಿಂದ ಈ ಕಡೆಗೆ ಬಂದವನು.

ನನ್ನ ಕೋರಿಕೆ ಇಷ್ಟು. ನಿಮ್ಮ ಸಂಗ್ರಹದಲ್ಲಿರುವ ಪ್ರತಿಯೊಂದು ಫಲಕದ, ಪ್ರತಿಯೊಂದು ಚೂರಿನ ಸ್ಪಷ್ಟ ಚಿತ್ರವನ್ನು, ಯಾರಾದರೂ ಅದನ್ನು ಓದಿ ಮುಗಿಸಲಿ ಎಂದು ಕಾಯದೆ, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಇಡಿ. ಹಾಗೆ ಇಟ್ಟದ್ದನ್ನು ನಿಮ್ಮ ಕಟ್ಟಡಗಳನ್ನು ಕಾಯ್ದುಕೊಳ್ಳುವಷ್ಟೇ ಹೊಣೆಯಿಂದ ಕಾಯ್ದುಕೊಳ್ಳಿ. ಅದರಿಂದ ಹೊರಡುವ ತಿಳಿವಳಿಕೆ ಮೊದಲು ಆ ನೆಲದ ಜನರಿಗೆ, ಅವರ ಭಾಷೆಯಲ್ಲಿ ತಲುಪಲಿ.

ಕ್ರಿ.ಪೂ. 3300ರ ಸುಮಾರಿಗೆ ದಕ್ಷಿಣ ಇರಾಕಿನ ಉರುಕ್ ನಗರದಲ್ಲಿ ಧಾನ್ಯ, ದನಕರು, ಕೂಲಿಗಳ ಲೆಕ್ಕ ಬರೆಯಲು ಹುಟ್ಟಿದ ಈ ಬರವಣಿಗೆ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿ, ಕ್ರಿ.ಶ. ಒಂದನೆಯ ಶತಮಾನದಲ್ಲಿ ಕೊನೆಯುಸಿರೆಳೆಯಿತು. ಸುಮೇರಿಯನ್, ಅಕ್ಕೇಡಿಯನ್, ಹಿಟ್ಟೈಟ್, ಈಲಮೈಟ್, ಹುರಿಯನ್ ಹೀಗೆ ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಭಾಷೆಗಳೂ ಇದೇ ಗುರುತುಗಳಲ್ಲಿ ಬರೆಸಿಕೊಂಡವು. ಒದ್ದೆ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯ ಮೂಲೆಯನ್ನು ಒತ್ತಿ ಮೂಡಿಸಿದ ಈ ಬರಹ ಕಾಗದ, ಓಲೆ, ಚರ್ಮಗಳು ನಾಶವಾಗುವ ಕಡೆಯಲ್ಲಿಯೂ ಉಳಿಯಿತು. ಕ್ರಿ.ಪೂ. 612ರಲ್ಲಿ, ಇಂದಿನ ಉತ್ತರ ಇರಾಕಿನಲ್ಲಿದ್ದ ಅಸ್ಸೀರಿಯಾ ರಾಜ್ಯದ ರಾಜಧಾನಿ ನಿನೆವೆಗೆ ಶತ್ರುಗಳು ಬೆಂಕಿಯಿಟ್ಟಾಗ ಅಲ್ಲಿನ ಎಷ್ಟೋ ಫಲಕಗಳು ಸುಟ್ಟು ಇನ್ನಷ್ಟು ಗಟ್ಟಿಯಾದವು. ಅಶೂರ್‌ಬಾನಿಪಾಲ್ ಎಂಬ ದೊರೆ ಅಲ್ಲಿ ಕಟ್ಟಿದ್ದ ಗ್ರಂಥಾಲಯದ ಸುಮಾರು 30,000 ಫಲಕಗಳು ಮತ್ತು ಚೂರುಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆ ಸಂಸ್ಥೆಯೊಂದರಲ್ಲಿಯೇ ಇರುವ ಒಟ್ಟು ಕ್ಯೂನಿಫಾರ್ಮ್ ಫಲಕಗಳು ಸುಮಾರು 1,30,000.

ಈ ವಿದ್ಯೆ ಹುಟ್ಟಿದ್ದೇ ಎಲ್ಲರ ಕಣ್ಣೆದುರು ಇಟ್ಟು ಪರೀಕ್ಷಿಸುವ ಕ್ರಮದಿಂದ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. 1857ರಲ್ಲಿ, ಈ ಲಿಪಿಯನ್ನು ಓದಲು ಬರುತ್ತದೆ ಎಂಬ ಮಾತನ್ನೇ ಅನೇಕರು ನಂಬದಿದ್ದ ಹೊತ್ತಿನಲ್ಲಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯು ಒಂದನೆಯ ತಿಗ್ಲತ್-ಪಿಲೆಸರ್ ದೊರೆಯ ಒಂದೇ ಶಾಸನವನ್ನು ರಾಲಿನ್ಸನ್, ಹಿಂಕ್ಸ್, ಟಾಲ್ಬಟ್ ಮತ್ತು ಒಪೇರ್ ಎಂಬ ನಾಲ್ವರಿಂದ ಬೇರೆಬೇರೆಯಾಗಿ ಅನುವಾದ ಮಾಡಿಸಿ, ಮೊಹರು ಹಾಕಿದ ಲಕೋಟೆಗಳನ್ನು ಒಟ್ಟಿಗೆ ಬಿಡಿಸಿ ಹೋಲಿಸಿತು. ಮುಖ್ಯ ಅಂಶಗಳಲ್ಲಿ ನಾಲ್ಕೂ ಹೊಂದಿಕೆಯಾದಾಗ ವಾದ ಮುಗಿಯಿತು. ಹದಿನೈದು ವರ್ಷಗಳ ಬಳಿಕ ಜಾರ್ಜ್ ಸ್ಮಿತ್ ಎಂಬವರು ನಿನೆವೆಯ ಚೂರುಗಳಲ್ಲಿ ಜಲಪ್ರಳಯದ ಕಥೆಯನ್ನು ಗುರುತಿಸಿ 1872ರ ಡಿಸೆಂಬರ್ 3ರಂದು ಸಭೆಯೊಂದರಲ್ಲಿ ಓದಿದರು. ಕೇಳುಗರ ನಡುವೆ ಪ್ರಧಾನಿ ಗ್ಲಾಡ್‌ಸ್ಟನ್ ಅವರೂ ಕುಳಿತಿದ್ದರು. ಸ್ಮಿತ್ ವಿಶ್ವವಿದ್ಯಾಲಯದಲ್ಲಿ ಕಲಿತವರಲ್ಲ. ನೋಟು ಮುದ್ರಣಕ್ಕೆ ಅಚ್ಚು ಕೊರೆಯುತ್ತಿದ್ದವರು, ಊಟದ ಬಿಡುವಿನಲ್ಲಿ ಮ್ಯೂಸಿಯಂಗೆ ಬಂದು, ಪ್ರಕಟವಾಗಿದ್ದ ಪ್ರತಿಗಳನ್ನು ನೋಡುತ್ತ ತಾವಾಗಿಯೇ ಕಲಿತವರು. ಆ ಸುದ್ದಿಯಿಂದ ಜನರಲ್ಲಿ ಎದ್ದ ಕುತೂಹಲ ಎಷ್ಟಿತ್ತೆಂದರೆ, ಡೈಲಿ ಟೆಲಿಗ್ರಾಫ್ ಪತ್ರಿಕೆ ಸಾವಿರ ಗಿನಿಗಳನ್ನು ಕೊಟ್ಟು ಅವರನ್ನು ನಿನೆವೆಗೆ ಕಳುಹಿಸಿತು. ಅಲ್ಲಿ ಅವರಿಗೆ ಸಿಕ್ಕ, ಕಥೆಯ ಕಾಣೆಯಾದ ಭಾಗವೆಂದು ಭಾವಿಸಲಾದ ಚೂರು ನಿಜವಾಗಿ ಇನ್ನೊಂದು ಪ್ರಳಯಕಾವ್ಯಕ್ಕೆ ಸೇರಿದ್ದೆಂದು ಮುಂದೆ ತಿಳಿಯಿತು. ಹಾಗೆ ತಿಳಿಯಲು ಸಾಧ್ಯವಾದದ್ದೂ ಅದು ಪ್ರಕಟವಾಗಿದ್ದರಿಂದ, ಬೇರೆಯವರು ಅದನ್ನು ಮತ್ತೆ ಓದಲು ಬಂದದ್ದರಿಂದ.

ಫಲಕಗಳಲ್ಲಿ ಹೆಚ್ಚಿನವು ಇಡಿಯಾಗಿ ಸಿಕ್ಕಿಲ್ಲ. ಒಂದೇ ಫಲಕದ ಅರ್ಧ ಲಂಡನ್ನಿನಲ್ಲಿ, ಉಳಿದರ್ಧ ಇಸ್ತಾಂಬುಲ್‌ನಲ್ಲಿಯೋ ಫಿಲಡೆಲ್ಫಿಯಾದಲ್ಲಿಯೋ ಇರಬಹುದು. ಎರಡನ್ನೂ ಒಬ್ಬನೇ ಒಬ್ಬ ವಿದ್ವಾಂಸ ಕಣ್ಣಾರೆ ಕಂಡು, ನೆನಪಿಟ್ಟುಕೊಂಡು, ಜೋಡಿಸಬೇಕಿದ್ದ ಕಾಲ ಹೋಗಿದೆ. ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದಲ್ಲಿ ಎನ್ರಿಕೆ ಹಿಮೆನೆಸ್ ಅವರ ನೇತೃತ್ವದಲ್ಲಿ ನಡೆಯುತ್ತಿರುವ ಎಲೆಕ್ಟ್ರಾನಿಕ್ ಬ್ಯಾಬಿಲೋನಿಯನ್ ಲೈಬ್ರರಿ ಯೋಜನೆಯು ಚೂರುಗಳ ಪಠ್ಯವನ್ನು ಗಣಕಕ್ಕೆ ಊಡಿಸಿ, ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದನ್ನು ಹುಡುಕುತ್ತಿದೆ. 2025ರಲ್ಲಿ ಹಿಮೆನೆಸ್ ಮತ್ತು ಬಾಗ್ದಾದ್ ವಿಶ್ವವಿದ್ಯಾಲಯದ ಅನ್ಮಾರ್ ಫಾಧಿಲ್ ಅವರು ಬ್ಯಾಬಿಲೋನ್ ನಗರವನ್ನು ಸ್ತುತಿಸುವ, ಸುಮಾರು 250 ಸಾಲುಗಳ ಸ್ತೋತ್ರವೊಂದನ್ನು ಹೊರತಂದಾಗ, ಅದೇ ಕೃತಿಗೆ ಸೇರಿದ ಇನ್ನೂ 30 ಪ್ರತಿಗಳ ಚೂರುಗಳನ್ನು ಈ ಗಣಕ ಗುರುತಿಸಿಕೊಟ್ಟಿತ್ತು. ಯೂಫ್ರೆಟಿಸ್ ನದಿಯ ನೀರಿನಿಂದ ಹಸಿರಾದ ಹೊಲಗಳನ್ನೂ, ಪರದೇಶದಿಂದ ಬಂದವರನ್ನು ಗೌರವದಿಂದ ಕಾಣುವ ನಗರವಾಸಿಗಳನ್ನೂ ಹೊಗಳುವ ಆ ಸ್ತೋತ್ರವನ್ನು ಅಂದಿನ ಶಾಲೆಯ ಮಕ್ಕಳು ಅಭ್ಯಾಸಕ್ಕಾಗಿ ನಕಲು ಮಾಡುತ್ತಿದ್ದರು. ಅಷ್ಟು ಜನಪ್ರಿಯವಾಗಿದ್ದ ಪಠ್ಯ ನಮ್ಮ ಕಾಲಕ್ಕೆ ಸಂಪೂರ್ಣ ಅಪರಿಚಿತವಾಗಿತ್ತು. ಚೂರುಗಳು ಕಪಾಟುಗಳಲ್ಲಿ ಇದ್ದವು. ಒಂದರ ಪಕ್ಕ ಇನ್ನೊಂದು ಬಂದಿರಲಿಲ್ಲ.

ಇನ್ನೊಂದು ಸಂಗತಿ ಖಗೋಳ ವಿಜ್ಞಾನದ್ದು. ಬ್ರಿಟಿಷ್ ಮ್ಯೂಸಿಯಂನ ಕೆಲವು ಫಲಕಗಳಲ್ಲಿ ಗುರುಗ್ರಹದ ಚಲನೆಯ ಲೆಕ್ಕದ ಜೊತೆಗೆ ಒಂದು ಸಮಲಂಬದ, ಎಂದರೆ ಎರಡು ಬದಿಗಳು ಸಮಾನಾಂತರವಾದ ಚತುರ್ಭುಜದ, ಪ್ರಸ್ತಾಪ ಬರುವುದು ಏಕೆಂದು ಬಹುಕಾಲ ಯಾರಿಗೂ ಬಗೆಹರಿದಿರಲಿಲ್ಲ. ನಿವೃತ್ತ ವಿದ್ವಾಂಸ ಹರ್ಮನ್ ಹುಂಗರ್ ಅವರು ಹಿಂದೆಂದೋ ತೆಗೆದಿದ್ದ, ಪ್ರಕಟವಾಗದ ಒಂದು ಫಲಕದ ಛಾಯಾಚಿತ್ರಗಳನ್ನು ಪ್ರಾಚೀನ ವಿಜ್ಞಾನದ ಇತಿಹಾಸಕಾರ ಮಾಥ್ಯೂ ಒಸೆನ್‌ಡ್ರೈವರ್ ಅವರಿಗೆ ತೋರಿಸಿದಾಗ ಬೀಗ ತೆರೆಯಿತು. ಗ್ರಹದ ದಿನದಿನದ ವೇಗ ಒಂದು ಬದಿಯಲ್ಲಿ, ಕಾಲ ಇನ್ನೊಂದು ಬದಿಯಲ್ಲಿ. ಅವುಗಳ ನಡುವಿನ ಸಮಲಂಬದ ವಿಸ್ತೀರ್ಣವೇ ಮೊದಲ 60 ದಿನಗಳಲ್ಲಿ ಗುರು ಸಾಗಿದ ದೂರ. ಈ ಬಗೆಯ ಲೆಕ್ಕ ಯೂರೋಪಿನಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಮೊದಲಾಯಿತು ಎಂದೇ ವಿಜ್ಞಾನದ ಇತಿಹಾಸ ಹೇಳುತ್ತಿತ್ತು. ಕ್ರಿ.ಪೂ. 350 ಮತ್ತು 50ರ ನಡುವೆ ಬ್ಯಾಬಿಲೋನಿನಲ್ಲಿ ಅದು ಬಳಕೆಯಲ್ಲಿತ್ತು ಎಂಬುದು 2016ರಲ್ಲಿ ಪ್ರಕಟವಾಯಿತು. ಆ ಚಿತ್ರಗಳು ಇಬ್ಬರು ವಿದ್ವಾಂಸರ ಭೇಟಿಯನ್ನು ಕಾಯಬೇಕಾಗಿ ಬಂದದ್ದು ನನ್ನನ್ನು ಕಾಡುತ್ತದೆ. ಆ ಭೇಟಿ ನಡೆಯದೆ ಹೋಗಿದ್ದರೆ?

ದೊರೆಗಳ, ಜೋಯಿಸರ ಬರಹಗಳಿಗಿಂತ ನನಗೆ ಹತ್ತಿರವಾದವು ಸಾಮಾನ್ಯರ ಪತ್ರಗಳು. ಇಂದಿನ ಟರ್ಕಿಯ ಕುಲ್‌ತೆಪೆಯಲ್ಲಿ, ಅಂದಿನ ಕಾನೆಶ್ ಊರಿನಲ್ಲಿ, ಸುಮಾರು 3,900 ವರ್ಷಗಳ ಹಿಂದೆ ನೆಲೆಸಿದ್ದ ಅಸ್ಸೀರಿಯಾದ ವರ್ತಕರ ಮನೆಗಳಿಂದ 23,000ದಷ್ಟು ಫಲಕಗಳು ಸಿಕ್ಕಿವೆ. ಅಶೂರ್ ನಗರದಲ್ಲಿದ್ದ ಲಮಸ್ಸಿ ಎಂಬಾಕೆ ದೂರದ ಕಾನೆಶ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಗಂಡ ಪೂಶು-ಕೇನ್‌ಗೆ ಪತ್ರ ಬರೆಯುತ್ತಾಳೆ. ತಾನು ನೇಯಿಸಿ ಕಳುಹಿಸಿದ ಬಟ್ಟೆಗಳು ಚಿಕ್ಕದಾದವೆಂದು ಆತ ದೂರಿದ್ದಾನೆ. ನೀವು ಹೇಳಿದ್ದಕ್ಕೇ ಅಲ್ಲವೇ ಅಳತೆ ಕಡಿಮೆ ಮಾಡಿದ್ದು ಎಂದು ಆಕೆ ಕೇಳುತ್ತಾಳೆ. ನೀವು ಹೋದ ಮೇಲೆ ಸಲಿಮ್-ಅಹುಮ್ ಎರಡು ಸಲ ಮನೆ ಕಟ್ಟಿಸಿದ, ನಾವು ಕಟ್ಟಿಸುವುದು ಯಾವಾಗ ಎನ್ನುತ್ತಾಳೆ. ಮಗಳು ದೊಡ್ಡವಳಾಗಿದ್ದಾಳೆ, ಹೊರಟು ಬಂದು ಅವಳನ್ನು ಅಶೂರ್ ದೇವರ ಮಡಿಲಿಗೆ ಒಪ್ಪಿಸಿ ಎಂದು ಕರೆಯುತ್ತಾಳೆ. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣಿನ ತುಂಡಿನ ಮೇಲೆ ಒಂದು ಸಂಸಾರದ ಮುನಿಸು, ಲೆಕ್ಕ ಮತ್ತು ನಿರೀಕ್ಷೆ ಒಟ್ಟಿಗೆ ಕುಳಿತಿವೆ. 1948ರಲ್ಲಿ ತಹ್ಸಿನ್ ಓಜ್ಗುಚ್ ಅವರ ಕ್ರಮಬದ್ಧ ಉತ್ಖನನ ಆರಂಭವಾಗುವುದಕ್ಕೆ ಮೊದಲೇ ಕುಲ್‌ತೆಪೆಯ ಸಾವಿರಾರು ಫಲಕಗಳು ಅಗೆದವರಿಂದ ಕೊಂಡವರಿಗೆ ದಾಟಿ ಹಲವು ದೇಶಗಳಿಗೆ ಚದುರಿದ್ದವು. ಹೀಗಾಗಿ ಒಂದೇ ಮನೆತನದ ಕಾಗದಪತ್ರಗಳನ್ನು ಇಂದು ಹಲವು ನಗರಗಳಲ್ಲಿ ಹುಡುಕಬೇಕು. ಇವುಗಳನ್ನು ಮತ್ತೆ ಒಂದು ಮನೆಯ ದಫ್ತರವಾಗಿ ಕೂಡಿಸಲು ಚಿತ್ರಗಳ ಮೂಲಕವಲ್ಲದೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ನಿಮ್ಮ ಕಡೆಯ ಕಷ್ಟಗಳು ನನಗೆ ಅರ್ಥವಾಗುತ್ತವೆ. ಫಲಕದ ಚಿತ್ರ ತೆಗೆಯುವುದು ಪುಟವನ್ನು ಸ್ಕ್ಯಾನ್ ಮಾಡಿದಷ್ಟು ಸುಲಭವಲ್ಲ. ಬರಹ ಮುಂಬದಿಯಿಂದ ಅಂಚು ದಾಟಿ ಹಿಂಬದಿಗೆ ಹರಿದಿರುತ್ತದೆ. ಕೆಲವೊಮ್ಮೆ ಜಾಗ ಸಾಲದೆ ಎಡ ಅಂಚಿನ ಮೇಲೆ ಕೊನೆಯ ಸಾಲು ಹತ್ತಿರುತ್ತದೆ. ಆರೂ ಮುಖಗಳನ್ನು ಬೇರೆಬೇರೆಯಾಗಿ ತೆಗೆಯಬೇಕು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಗುರುತಿನ ಗುಳಿಯಲ್ಲಿ ನೆರಳು ನಿಂತು ಅಕ್ಷರ ಕಾಣಿಸುತ್ತದೆ; ನೇರ ಬೆಳಕಿನಲ್ಲಿ ಅದೇ ಫಲಕ ಬರೀ ಮಣ್ಣಿನ ಬಿಲ್ಲೆಯಂತೆ ಕಾಣುತ್ತದೆ. ಆದರೂ ಈ ಕೆಲಸ ಆಗಿ ತೋರಿದೆ. ರಾಬರ್ಟ್ ಎಂಗ್ಲಂಡ್ ಅವರು ಲಾಸ್ ಏಂಜಲೀಸ್‌ನಲ್ಲಿ ಆರಂಭಿಸಿ, ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಹಯೋಗದಲ್ಲಿ ಬೆಳೆಸಿದ ಕ್ಯೂನಿಫಾರ್ಮ್ ಡಿಜಿಟಲ್ ಲೈಬ್ರರಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಫಲಕಗಳ ವಿವರಗಳಿವೆ. ಚಿಕಾಗೋ ವಿಶ್ವವಿದ್ಯಾಲಯವು 1921ರಲ್ಲಿ ಕೈಗೆತ್ತಿಕೊಂಡು ಸುಮಾರು ತೊಂಬತ್ತು ವರ್ಷ ದುಡಿದು ಮುಗಿಸಿದ ಅಕ್ಕೇಡಿಯನ್ ಭಾಷೆಯ ಮಹಾನಿಘಂಟಿನ ಎಲ್ಲ ಸಂಪುಟಗಳನ್ನೂ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕುಳಿತು ಅದನ್ನು ತೆರೆಯುವಾಗ ಆ ತಲೆಮಾರುಗಳ ವಿದ್ವಾಂಸರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಪ್ರಕಟಣೆಯ ಹಕ್ಕಿನ ಪ್ರಶ್ನೆಯೂ ಇದೆ. ಅಗೆದವರಿಗೆ, ಅಥವಾ ಒಪ್ಪಿಸಿಕೊಂಡ ವಿದ್ವಾಂಸರಿಗೆ, ಮೊದಲು ಪ್ರಕಟಿಸುವ ಅವಕಾಶ ಸಿಗಬೇಕಾದದ್ದು ನ್ಯಾಯವೇ. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿದವರ ಫಲವನ್ನು ಬೇರೊಬ್ಬರು ಒಂದು ರಾತ್ರಿಯಲ್ಲಿ ಎತ್ತಿಕೊಂಡು ಹೋಗಬಾರದು. ಆದರೆ ಆ ಅವಕಾಶಕ್ಕೆ ಒಂದು ಗಡುವು ಇರಲಿ. ಹಕ್ಕು ಪಡೆದವರು ತೀರಿಕೊಂಡು, ಅವರ ಶಿಷ್ಯರೂ ನಿವೃತ್ತರಾದ ಮೇಲೆಯೂ ಫಲಕ ಕಾಯ್ದಿರಿಸಿದ ಪಟ್ಟಿಯಲ್ಲಿಯೇ ಉಳಿಯುವುದಾದರೆ, ಆ ಹಕ್ಕು ಯಾರನ್ನೂ ಕಾಪಾಡುತ್ತಿಲ್ಲ. ಅರೆಬರೆ ತಿಳಿದವರು ತಪ್ಪರ್ಥ ಮಾಡಿಯಾರು ಎಂಬ ಅಂಜಿಕೆಯನ್ನೂ ಕೇಳಿದ್ದೇನೆ. ಸುಮೇರಿಯಾದ ದೇವತೆಗಳು ಅನ್ಯಗ್ರಹದಿಂದ ಬಂದವರು ಎಂದು ಹೇಳುವ ವಿಡಿಯೋಗಳು ಈಗ ಕನ್ನಡದಲ್ಲಿಯೂ ಧಾರಾಳವಾಗಿವೆ, ಅವುಗಳನ್ನು ನಂಬುವ ಎಳೆಯರೂ ಇದ್ದಾರೆ. ಆ ಕಟ್ಟುಕಥೆ ಹುಟ್ಟಿದ್ದು ಫಲಕಗಳು ತೆರೆದಿದ್ದರಿಂದಲ್ಲ, ನಿಜವಾದ ಪಠ್ಯ ಎಲ್ಲಿದೆ, ಅದು ಏನು ಹೇಳುತ್ತದೆ ಎಂಬುದು ಓದುಗನ ಕೈಗೆ ಎಟುಕದಿದ್ದುದರಿಂದ. ಫಲಕದ ಚಿತ್ರ, ಅದರ ಲಿಪ್ಯಂತರ, ಅದರ ಅನುವಾದ, ಜೊತೆಗೆ ಇಲ್ಲಿ ಒಡೆದಿದೆ, ಇಲ್ಲಿ ಊಹಿಸಿದ್ದೇವೆ ಎಂಬ ಪ್ರಾಮಾಣಿಕ ಗುರುತು, ಇವಿಷ್ಟೂ ಪಕ್ಕಪಕ್ಕದಲ್ಲಿ ಸಿಕ್ಕರೆ ಹೈಸ್ಕೂಲಿನ ಮಕ್ಕಳೂ ಸುಳ್ಳನ್ನು ಹಿಡಿಯಬಲ್ಲರು. ಗಣಕದ ಅನುವಾದಗಳು ಬರತೊಡಗಿರುವ ಈ ಹೊತ್ತಿನಲ್ಲಿ ಆ ಗುರುತು ಇನ್ನೂ ಅಗತ್ಯ. ಯಂತ್ರ ತಾನು ಓದಿದ್ದನ್ನೂ ಊಹಿಸಿದ್ದನ್ನೂ ಒಂದೇ ಧಾಟಿಯಲ್ಲಿ ಹೇಳುತ್ತದೆ.

ಹಣ ಒದಗಿಸುವವರಲ್ಲಿ ಒಂದು ವಿಶೇಷ ಮನವಿ. ಹೊಸ ಯೋಜನೆಗೆ ನೆರವು ಸಿಗುತ್ತದೆ, ಇರುವುದನ್ನು ನಡೆಸಲು ಸಿಗುವುದಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಜೆರೆಮಿ ಬ್ಲ್ಯಾಕ್ ಅವರು ಆರಂಭಿಸಿದ ಸುಮೇರಿಯನ್ ಸಾಹಿತ್ಯದ ಜಾಲತಾಣದಲ್ಲಿ 400ರಷ್ಟು ಕೃತಿಗಳ ಮೂಲ ಮತ್ತು ಅನುವಾದಗಳಿವೆ. ಧನಸಹಾಯ ಮುಗಿದು 2006ರಲ್ಲಿ ಅದರ ಕೆಲಸ ನಿಂತಿತು. ಇಂದಿಗೂ ಜಗತ್ತಿನ ಎಷ್ಟೋ ಓದುಗರಿಗೆ ಸುಮೇರಿಯನ್ ಕಾವ್ಯದ ಮೊದಲ ಬಾಗಿಲು ಅದೇ, ಆದರೆ ಆಮೇಲೆ ಸಿಕ್ಕ ಹೊಸ ಓದುಗಳು ಅದರೊಳಕ್ಕೆ ಸೇರಿಲ್ಲ. ಕಟ್ಟಡದ ಸೂರು ಸೋರಿದರೆ ನೀವು ಸರಿಪಡಿಸುತ್ತೀರಿ. ಸರ್ವರ್ ಕೆಟ್ಟರೆ, ಸಂಪಾದಕರ ಹುದ್ದೆ ಖಾಲಿಯಾದರೆ ಅದಕ್ಕೂ ವಾರ್ಷಿಕ ಆಯವ್ಯಯದಲ್ಲಿ ಒಂದು ಸಾಲು ಇರಲಿ. ಇರಾನಿನ ಪ್ರಾಚೀನ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಸಿಕ್ಕು, 1936ರಿಂದ ಅಧ್ಯಯನಕ್ಕಾಗಿ ಚಿಕಾಗೋದಲ್ಲಿದ್ದ ಈಲಮೈಟ್ ಫಲಕಗಳು ನ್ಯಾಯಾಲಯದ ವ್ಯಾಜ್ಯವೊಂದರಲ್ಲಿ ಸಿಲುಕಿ ಹರಾಜಾಗುವ ಭೀತಿ ಹುಟ್ಟಿದಾಗ, ಮ್ಯಾಥ್ಯೂ ಸ್ಟಾಲ್ಪರ್ ಮತ್ತು ಸಂಗಡಿಗರು ಇಡೀ ದಫ್ತರವನ್ನು ಚಿತ್ರೀಕರಿಸಿ ಜಾಲತಾಣಕ್ಕೆ ಏರಿಸುವ ಕೆಲಸಕ್ಕೆ ವೇಗ ಕೊಟ್ಟರು. 2018ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇರಾನಿನ ಪರವಾಗಿ ತೀರ್ಪಿತ್ತ ನಂತರ ಫಲಕಗಳು ಮತ್ತೆ ತವರಿಗೆ ಮರಳತೊಡಗಿದವು, ಚಿತ್ರಗಳು ಎಲ್ಲರಿಗೂ ಉಳಿದವು. ಇಂಥ ಅವಸರ ಬರುವ ಮೊದಲೇ ಈ ಕೆಲಸ ಆಗಬೇಕು ಎಂಬುದಷ್ಟೇ ನನ್ನ ಮಾತು.

ಅವಸರ ಬಂದಾಗ ಏನಾಗುತ್ತದೆ ಎಂಬುದನ್ನು ಇರಾಕ್ ಕಂಡಿದೆ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಇರಾಕ್ ಮ್ಯೂಸಿಯಂನಿಂದ ಸುಮಾರು 15,000 ವಸ್ತುಗಳು ಲೂಟಿಯಾದವು. ಉತ್ಖನನದ ದಿಬ್ಬಗಳಲ್ಲಿ ರಾತ್ರೋರಾತ್ರಿ ಗುಂಡಿ ತೋಡಿ ತೆಗೆದ ಫಲಕಗಳು ಸಾಗರ ದಾಟಿದವು. ಗಿಲ್ಗಮೆಶ್ ಎಂಬ ದೊರೆಯ ಸಾಹಸಗಳನ್ನು ಹೇಳುವ ಪ್ರಾಚೀನ ಕಾವ್ಯದ ಕನಸಿನ ಭಾಗವಿದ್ದ, ಇರಾಕಿನಿಂದ ಅಕ್ರಮವಾಗಿ ಹೊರಹೋದ ಫಲಕವೊಂದು ಸುಳ್ಳು ದಾಖಲೆಗಳೊಂದಿಗೆ ಕೈ ಬದಲಾಯಿಸುತ್ತ ಹೋಗಿ, ಕೊನೆಗೆ ಅಮೆರಿಕದ ಅಧಿಕಾರಿಗಳ ವಶವಾಗಿ, 2021ರಲ್ಲಿ ಇರಾಕಿಗೆ ಮರಳಿತು. ಕದ್ದ ಮಾಲಿನ ಫಲಕವನ್ನು ವಿದ್ವಾಂಸರು ಓದಿ ಪ್ರಕಟಿಸಬೇಕೆ, ಬೇಡವೆ ಎಂಬುದರಲ್ಲಿ ನಿಮ್ಮೊಳಗೇ ಭಿನ್ನಮತವಿದೆ. ಸುಲೈಮಾನಿಯಾ ಮ್ಯೂಸಿಯಂ 2011ರಲ್ಲಿ ಕಳ್ಳಸಾಗಣೆದಾರನಿಂದ ಫಲಕಗಳನ್ನು ಕೊಂಡು ದೇಶದಲ್ಲಿಯೇ ಉಳಿಸಿಕೊಂಡದ್ದರಿಂದ, ಫಾರೂಕ್ ಅಲ್-ರಾವಿ ಮತ್ತು ಆಂಡ್ರ್ಯೂ ಜಾರ್ಜ್ ಅವರು 2014ರಲ್ಲಿ ಗಿಲ್ಗಮೆಶ್ ಕಾವ್ಯದ ಐದನೆಯ ಫಲಕಕ್ಕೆ ಇಪ್ಪತ್ತರಷ್ಟು ಹೊಸ ಸಾಲುಗಳನ್ನು ಸೇರಿಸಲು ಸಾಧ್ಯವಾಯಿತು. ದೇವದಾರು ಕಾಡಿನಲ್ಲಿ ಹಕ್ಕಿಗಳ ಕೂಗು, ಜೀರುಂಡೆಗಳ ಮೊರೆತ, ಮಂಗಗಳ ಕಿರುಚಾಟ ಆ ಸಾಲುಗಳಲ್ಲಿ ಕೇಳಿಸುತ್ತವೆ. ಕಾಡನ್ನು ಬರಿದು ಮಾಡಿದ ಮೇಲೆ ಗಿಲ್ಗಮೆಶನ ಗೆಳೆಯ ಎಂಕಿಡುವಿಗೆ ಆದ ಅಳುಕೂ ಇದೆ. ನನ್ನ ಅಭಿಪ್ರಾಯದಲ್ಲಿ ಗಡಿ ಇಲ್ಲಿದೆ: ವಸ್ತು ತನ್ನ ದೇಶದ ಸಾರ್ವಜನಿಕ ಸಂಸ್ಥೆಯ ಕೈಗೆ ಬಂದಿದ್ದರೆ ಓದಿ ಪ್ರಕಟಿಸಿ. ಖಾಸಗಿ ಸಂಗ್ರಾಹಕನ ಕೈಯಲ್ಲಿದ್ದು, ಮೂಲ ಹೇಳದೆ ಇದ್ದರೆ, ನಿಮ್ಮ ಓದು ಅದರ ಬೆಲೆಯನ್ನೇ ಏರಿಸುತ್ತದೆ, ಮುಟ್ಟಬೇಡಿ.

ಇರಾಕಿನ ವಿದ್ವಾಂಸರನ್ನು ಅನುವಾದದ ಕೊನೆಯಲ್ಲಿ ಕೃತಜ್ಞತೆ ಹೇಳುವ ಸಾಲಿಗೆ ಸೀಮಿತಗೊಳಿಸಬೇಡಿ. 1945ರಲ್ಲಿಯೇ ಇರಾಕಿನ ಪುರಾತತ್ವ ಇಲಾಖೆ 'ಸುಮರ್' ಎಂಬ ಪತ್ರಿಕೆ ಆರಂಭಿಸಿತು. ತಾಹಾ ಬಾಕಿರ್ ಅವರು ಬಾಗ್ದಾದಿನ ಹೊರವಲಯದ ತೆಲ್ ಹರ್ಮಲ್‌ನಲ್ಲಿ ಸಿಕ್ಕ, ಸಮರೂಪ ತ್ರಿಕೋನಗಳ ಲೆಕ್ಕವಿದ್ದ ಫಲಕವನ್ನು 1950ರಲ್ಲಿ ಅದರಲ್ಲಿ ಪ್ರಕಟಿಸಿದರು. ಗಿಲ್ಗಮೆಶ್ ಕಾವ್ಯವನ್ನು ಅರಬ್ಬಿಗೆ ತಂದವರೂ ಅವರೇ. 1986ರಲ್ಲಿ ಬಾಗ್ದಾದ್ ವಿಶ್ವವಿದ್ಯಾಲಯದ ವಲೀದ್ ಅಲ್-ಜಾದಿರ್ ಅವರ ತಂಡ ಪ್ರಾಚೀನ ನಗರ ಸಿಪ್ಪರ್‌ನ ಸೂರ್ಯದೇವಾಲಯದಲ್ಲಿ, ಗೋಡೆಯ ಗೂಡುಗಳಲ್ಲಿ ಜೋಡಿಸಿಟ್ಟಂತೆಯೇ ಉಳಿದಿದ್ದ ಒಂದು ಗ್ರಂಥಾಲಯವನ್ನು ಕಂಡಿತು. ಅದಾದ ಮೇಲಿನ ಯುದ್ಧ, ದಿಗ್ಬಂಧನಗಳ ದಶಕಗಳು ಆ ಪೀಳಿಗೆಯ ಕೆಲಸವನ್ನು ಕಸಿದುಕೊಂಡವು. ಮೇಲೆ ಹೇಳಿದ ಬ್ಯಾಬಿಲೋನಿನ ಸ್ತೋತ್ರ ಬೆಳಕು ಕಂಡದ್ದು ಆ ಗ್ರಂಥಾಲಯದ ಅಧ್ಯಯನದಿಂದಲೇ. ಮೊಸುಲ್‌ನ ವಿದ್ಯಾರ್ಥಿನಿಯೊಬ್ಬಳು ನದಿಯಾಚೆ ಕಾಣುವ ನಿನೆವೆಯ ದಿಬ್ಬದಿಂದ ಹೋದ ಫಲಕದ ವಿವರವನ್ನು ಇಂಗ್ಲಿಷಿನಲ್ಲಿ ಮಾತ್ರ ಓದಬೇಕಾಗಿರುವುದು ಸರಿಯಲ್ಲ. ನಿಮ್ಮ ಸೂಚಿಗಳು ಅರಬ್ಬಿಯಲ್ಲಿ, ಕುರ್ದಿಯಲ್ಲಿ ಬರಲಿ. ಅದಕ್ಕೆ ಬೇಕಾದ ಸಂಬಳವನ್ನು ಅಲ್ಲಿನವರಿಗೇ ಕೊಡಿ.

ದೂರದ ಕರ್ನಾಟಕದವನಿಗೆ ಇದರಲ್ಲಿ ಏನು ಎಂದು ಕೇಳಬಹುದು. ಮೆಸೊಪೊಟೇಮಿಯಾದ (ಇಂದಿನ ಇರಾಕ್) ಅಕ್ಕಾಡ್‌ನ ದೊರೆ ಸರ್ಗೋನ್ ತನ್ನ ಬಂದರುಕಟ್ಟೆಯಲ್ಲಿ ಮೆಲುಹ್ಹದ ಹಡಗುಗಳು ನಿಂತಿವೆ ಎಂದು ಹೆಮ್ಮೆಪಟ್ಟಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ಕಣಿವೆಯ ನಾಡು ಎಂಬುದು ಬಹುಪಾಲು ವಿದ್ವಾಂಸರ ಮತ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಒಂದು ಮುದ್ರೆ ಶು-ಇಲಿಶು ಎಂಬವನದು. ಅವನು ಮೆಲುಹ್ಹ ಭಾಷೆಯ ದುಭಾಷಿ ಎಂದು ಅದರ ಮೇಲೆ ಬರೆದಿದೆ. ಸಿಂಧೂ ಲಿಪಿಯನ್ನು ಓದಲು ನೆರವಾಗುವ ದ್ವಿಭಾಷಾ ಬರಹ ಎಲ್ಲಾದರೂ ಇದ್ದರೆ ಅದು ಇಂಥವರ ಕೈಯಿಂದ ಮೆಸೊಪೊಟೇಮಿಯಾದಲ್ಲಿ ಮೂಡಿರುವ ಸಾಧ್ಯತೆ ಇದೆ, ಅದರ ಒಂದು ಚೂರು ನಿಮ್ಮ ಯಾವುದೋ ಪೆಟ್ಟಿಗೆಯಲ್ಲಿ ಇರಲಾರದೆಂದು ಯಾರೂ ಹೇಳಲಾರರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾದಾಗ, ಅದರಲ್ಲಿನ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಮರುವರ್ಷವೇ ಜರ್ಮನ್ ಶಾಸನತಜ್ಞ ಹುಲ್ಷ್ ಸೂಚಿಸಿದರು. ಆ ವಾದ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ಗ್ರೀಕ್ ಪಪೈರಸ್ಸಿನಲ್ಲಿ ಕನ್ನಡದ ಪ್ರಶ್ನೆ ಎದ್ದದ್ದೇ ಅದು ಪ್ರಕಟವಾಗಿದ್ದರಿಂದ. ನಮ್ಮಲ್ಲಿಯೂ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳ ಮೂಲ ಮತ್ತು ಅನುವಾದಗಳನ್ನು ಕೊಟ್ಟದ್ದರಿಂದ, ಕಲ್ಲು ಕಳೆದುಹೋದ ಊರುಗಳಲ್ಲಿಯೂ ಶಾಸನ ಉಳಿದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ.

ಸಾಮಾನ್ಯ ಜನ ಈ ವಿದ್ಯೆಗೆ ಬರೀ ಕೇಳುಗರಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ. 1985ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಒಬ್ಬರು ತಮ್ಮ ತಂದೆ ಸಂಗ್ರಹಿಸಿದ್ದ ಫಲಕವೊಂದನ್ನು ತೋರಿಸಲು ತಂದರು. ಅಲ್ಲಿನ ಕ್ಯೂನಿಫಾರ್ಮ್ ತಜ್ಞ ಇರ್ವಿಂಗ್ ಫಿಂಕೆಲ್ ಅವರು ಬಹಳ ವರ್ಷಗಳ ನಂತರ ಅದನ್ನು ಪೂರ್ತಿ ಓದಿ 2014ರಲ್ಲಿ ಪ್ರಕಟಿಸಿದಾಗ, ಆ ಫಲಕದ ಕಥೆಯಲ್ಲಿ ಪ್ರಳಯದ ನಾವೆ ದುಂಡಗಿತ್ತು, ಹಗ್ಗವನ್ನು ಸುತ್ತಿ ಹೆಣೆದು ಡಾಂಬರು ಬಳಿದದ್ದು ಎಂದು ಗೊತ್ತಾಯಿತು. ಹಂಪಿಯಲ್ಲಿ ತುಂಗಭದ್ರೆ ದಾಟಲು ಹರಿಗೋಲು ಹತ್ತಿದವರಿಗೆ ಆ ದೋಣಿಯ ಆಕಾರವನ್ನು ವಿವರಿಸಬೇಕಾಗಿಲ್ಲ. ಅಳತೆ ತಗ್ಗಿಸಿದ ಮಾದರಿಯನ್ನು ಕೇರಳದ ಹಿನ್ನೀರಿನಲ್ಲಿ ಕಟ್ಟಿ ತೇಲಿಸಿಯೂ ನೋಡಲಾಯಿತು.

ಈ ವರ್ಷವೇ ಮಾಡಬಹುದಾದ ಒಂದು ಕೆಲಸದಿಂದ ತೊಡಗಿ ಎಂದು ಕೇಳಿಕೊಳ್ಳುತ್ತೇನೆ. ಸಂಖ್ಯೆ ಮಾತ್ರ ಬಿದ್ದು, ಯಾರೂ ಓದದೆ ಉಳಿದಿರುವ ಚೂರುಗಳ ಪಟ್ಟಿಯನ್ನು ಹೊರಗಿಡಿ, ಯಾವುದು ಯಾರ ಹೆಸರಿನಲ್ಲಿ ಯಾವ ವರ್ಷದಿಂದ ಕಾಯ್ದಿರಿಸಿದೆ ಎಂಬುದನ್ನೂ ಅದರಲ್ಲಿ ನಮೂದಿಸಿ. ಪ್ರತಿ ಚಿತ್ರದ ಕೆಳಗೆ ಅದನ್ನು ಪಾಠಪುಸ್ತಕದಲ್ಲಿ, ಪತ್ರಿಕೆಯಲ್ಲಿ, ಯಾವುದೇ ಭಾಷೆಯ ಅನುವಾದದ ಜೊತೆಯಲ್ಲಿ ಶುಲ್ಕವಿಲ್ಲದೆ ಬಳಸಬಹುದೆಂದು ಸ್ಪಷ್ಟವಾಗಿ ಬರೆಯಿರಿ. ಕನ್ನಡದ ಸಣ್ಣ ಪತ್ರಿಕೆಯೊಂದು ಲಮಸ್ಸಿಯ ಪತ್ರವನ್ನು ಅಚ್ಚುಹಾಕಬೇಕೆಂದರೆ, ಆ ಫಲಕದ ಚಿತ್ರಕ್ಕೆ ತನ್ನ ಇಡೀ ಸಂಚಿಕೆಯ ಖರ್ಚಿನಷ್ಟು ಹಣ ತೆರಬೇಕಾಗುವಂತೆ ಆಗದಿರಲಿ.

ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ಶಾಸನಾಸಕ್ತ